ಹಳೆಯ ಕಾರಿನ ಸೈಲೆನ್ಸರ್ ಬದಲಿಸುವ ಮುನ್ನ

ಮೂವತ್ತು ವರ್ಷ ದಾಟಿದ ನನ್ನ ಕಾರಿನ ಹಿಂದಿನ ಸೈಲೆನ್ಸರ್ ಎರಡನೆಯ ಬಾರಿ ತೂತುಬಿದ್ದಾಗ, ಅದನ್ನು ಗುಜರಿಗೆ ಹಾಕುವ ಮೊದಲು ಉದ್ದಕ್ಕೆ ಕತ್ತರಿಸಿ ನೋಡಿದೆ. ಹೊರಗಿನ ಬಣ್ಣ ಬಹುಪಾಲು ಹಾಗೆಯೇ ಇತ್ತು. ಒಳಗಿನ ತಗಡು ಮಾತ್ರ, ಅದರಲ್ಲೂ ತಳಭಾಗದಲ್ಲಿ, ಬೆರಳಿನಿಂದ ಒತ್ತಿದರೆ ಉದುರುವಷ್ಟು ತುಕ್ಕು ಹಿಡಿದಿತ್ತು. ರಸ್ತೆಯ ನೀರು, ಕೆಸರುಗಳೇ ಸೈಲೆನ್ಸರನ್ನು ತಿನ್ನುತ್ತವೆ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ನನ್ನ ಕಾರಿನ ಮಟ್ಟಿಗೆ ಅದು ಒಳಗಿನಿಂದ ಸತ್ತಿತ್ತು.

ಇದಕ್ಕೆ ಕಾರಣ ಸರಳವಾಗಿದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿಯಾಗಿ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಪೈಪು ಚೆನ್ನಾಗಿ ಕಾದಿದ್ದರೆ ಆ ಆವಿ ಹಾಗೆಯೇ ಹೊರಗೆ ಹೋಗುತ್ತದೆ. ಆದರೆ ಎಂಜಿನ್ನಿನಿಂದ ಅತಿ ದೂರದಲ್ಲಿರುವ ಹಿಂದಿನ ಪೆಟ್ಟಿಗೆ, ಅಂದರೆ ಹಿಂಬದಿಯ ಸೈಲೆನ್ಸರ್, ಕಾಯುವುದು ಎಲ್ಲಕ್ಕಿಂತ ಕೊನೆಗೆ. ಹತ್ತು ನಿಮಿಷ ಓಡಿಸಿ ನಿಲ್ಲಿಸಿದ ಕಾರಿನಲ್ಲಿ ಆವಿ ಅಲ್ಲಿಯೇ ನೀರಾಗಿ ಇಳಿದು, ಹೊಗೆಯಲ್ಲಿರುವ ಆಮ್ಲೀಯ ಅಂಶಗಳನ್ನು ಕರಗಿಸಿಕೊಂಡು, ಮುಂದಿನ ಬಾರಿ ಕಾರು ತೆಗೆಯುವವರೆಗೂ ತಳದಲ್ಲಿ ನಿಂತಿರುತ್ತದೆ. ಆದುದರಿಂದ ಹೊಸದನ್ನು ಆರಿಸುವಾಗ, ಕಾರು ವರ್ಷಕ್ಕೆ ಎಷ್ಟು ಓಡುತ್ತದೆ ಎಂಬುದಕ್ಕಿಂತ ಒಂದು ಸಲಕ್ಕೆ ಎಷ್ಟು ದೂರ ಓಡುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಲೋಹದ ಆಯ್ಕೆ ಈ ಉತ್ತರದ ಮೇಲೆ ನಿಂತಿದೆ.

ಸಾಮಾನ್ಯ ಮೈಲ್ಡ್ ಸ್ಟೀಲ್ ಅಗ್ಗ, ಬಗ್ಗಿಸುವುದಕ್ಕೂ ವೆಲ್ಡ್ ಮಾಡುವುದಕ್ಕೂ ಸುಲಭ, ಆದರೆ ನಿಂತ ನೀರಿನ ಮುಂದೆ ಬೇಗ ಸೋಲುತ್ತದೆ. ಅದೇ ಉಕ್ಕಿಗೆ ಅಲ್ಯೂಮಿನಿಯಂ ಲೇಪನ ಕೊಟ್ಟದ್ದು ಗಣನೀಯವಾಗಿ ಹೆಚ್ಚು ಬಾಳುತ್ತದೆ. ಆದರೆ ವೆಲ್ಡ್ ಮಾಡಿದ ಜಾಗದಲ್ಲಿ ಲೇಪನ ಸುಟ್ಟುಹೋಗುವುದರಿಂದ ತುಕ್ಕು ಅಲ್ಲಿಂದಲೇ ಆರಂಭವಾಗುತ್ತದೆ. ಸ್ಟೇನ್‌ಲೆಸ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಲೋಹಗಳು ಮಾರಾಟವಾಗುವುದರಿಂದ ಈ ವಿಷಯದಲ್ಲಿ ಎಚ್ಚರ ಬೇಕು. 409 ದರ್ಜೆಯದರಲ್ಲಿ ಕ್ರೋಮಿಯಂ ಸುಮಾರು 11 ಶೇಕಡಾ ಇರುತ್ತದೆ. ಅದರ ಮೇಲ್ಮೈ ಕಂದುಗಟ್ಟುತ್ತದೆ, ಆದರೆ ತುಕ್ಕು ತೂತಾಗುವಷ್ಟು ಆಳಕ್ಕೆ ಇಳಿಯಲು ಬಹಳ ಕಾಲ ಬೇಕು. 304 ದರ್ಜೆಯದರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ ಮತ್ತು 8 ಶೇಕಡಾ ನಿಕ್ಕೆಲ್ ಇರುತ್ತವೆ, ಬೆಲೆಯೂ ಹೆಚ್ಚು. 409ಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ. 304ಕ್ಕೆ ಬಗ್ಗಿಸಿದ ಕಡೆಗಳಲ್ಲಿ ತುಸು ಎಳೆತ ಕಂಡರೂ ಹಾಗೆ ಅಂಟುವುದಿಲ್ಲ. ಮಾರುವವರು ದರ್ಜೆಯನ್ನು ಹೇಳದಿದ್ದರೆ ಅಂಗಡಿಯಲ್ಲಿಯೇ ಈ ಪರೀಕ್ಷೆ ಮಾಡಿಕೊಳ್ಳಬಹುದು. ಹಣ ಸೀಮಿತವಾಗಿದ್ದರೆ ಅದನ್ನು ಹಿಂದಿನ ಪೆಟ್ಟಿಗೆಗೇ ಹಾಕಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮುಂದಿನ ಪೈಪು ಎಂಜಿನ್ನಿನ ಶಾಖದಿಂದ ತಾನಾಗಿ ಒಣಗುತ್ತದೆ. ನನ್ನ ಕಾರಿನ ಓಡಾಟವೆಲ್ಲ ಹತ್ತಿರ ಹತ್ತಿರದ್ದಾದ ಕಾರಣ ಹಿಂದಿನ ಪೆಟ್ಟಿಗೆಯನ್ನು 304ರಲ್ಲಿಯೂ ಉಳಿದ ಪೈಪನ್ನು ಅಲ್ಯೂಮಿನಿಯಂ ಲೇಪನದ ಉಕ್ಕಿನಲ್ಲಿಯೂ ತೆಗೆದುಕೊಂಡೆ.

ಪೈಪಿನ ಅಗಲದ ವಿಷಯದಲ್ಲಿ ಎರಡು ತಪ್ಪು ತಿಳುವಳಿಕೆಗಳು ಗಟ್ಟಿಯಾಗಿ ಬೇರೂರಿವೆ. ಅಗಲವಾದಷ್ಟೂ ಶಕ್ತಿ ಹೆಚ್ಚು ಎಂಬುದು ಒಂದು, ಎಂಜಿನ್ನಿಗೆ ಸ್ವಲ್ಪ ಬ್ಯಾಕ್ ಪ್ರೆಷರ್ (ಹೊರಹೋಗುವ ಹೊಗೆಗೆ ಎದುರಾಗುವ ಒತ್ತಡ) ಇರಲೇಬೇಕು ಎಂಬುದು ಇನ್ನೊಂದು. ವಾಸ್ತವದಲ್ಲಿ ಎಂಜಿನ್ನಿಗೆ ಬೇಕಾಗಿರುವುದು ಹೊಗೆಯ ವೇಗ. ಒಂದು ಸಿಲಿಂಡರಿನಿಂದ ರಭಸವಾಗಿ ಹೊರಟ ಹೊಗೆ ತನ್ನ ಹಿಂದೆ ಕಡಿಮೆ ಒತ್ತಡವನ್ನು ಬಿಟ್ಟುಹೋಗುತ್ತದೆ, ಮತ್ತು ಆ ಕಡಿಮೆ ಒತ್ತಡವೇ ಉಳಿದ ಹೊಗೆಯನ್ನು ಎಳೆದುಕೊಳ್ಳಲು ನೆರವಾಗುತ್ತದೆ. 50 ಮಿಲಿಮೀಟರಿನ ಪೈಪಿನ ಬದಲು 63 ಮಿಲಿಮೀಟರಿನದನ್ನು ಹಾಕಿದರೆ ಒಳಗಿನ ವಿಸ್ತೀರ್ಣ ಒಂದೂವರೆ ಪಟ್ಟನ್ನು ಮೀರುತ್ತದೆ. ಅಷ್ಟೇ ಹೊಗೆ ಅಷ್ಟು ದೊಡ್ಡ ಜಾಗದಲ್ಲಿ ನಿಧಾನವಾಗಿ ಸಾಗುವುದರಿಂದ, ನಾವು ದಿನನಿತ್ಯ ಓಡಿಸುವ ಕಡಿಮೆ ಆರ್‌ಪಿಎಮ್‌ನಲ್ಲಿಯೇ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ಎಳೆತ ಕುಗ್ಗುತ್ತದೆ. ಎಂಜಿನ್ನಿಗೆ ಬೇರೆ ಬದಲಾವಣೆ ಮಾಡಿಲ್ಲದಿದ್ದರೆ ಮೂಲ ಅಗಲವನ್ನೇ ಉಳಿಸಿಕೊಂಡು, ಬೆಂಡುಗಳನ್ನು ಗಮನಿಸುವುದು ಲೇಸು. ಅಗ್ಗದ ಯಂತ್ರದಲ್ಲಿ ಬಗ್ಗಿಸಿದ ಪೈಪು ತಿರುವಿನಲ್ಲಿ ಚಪ್ಪಟೆಯಾಗಿರುತ್ತದೆ. ಒಳಗೆ ಆಧಾರ ಕೊಟ್ಟು ಬಗ್ಗಿಸಿದ ಮ್ಯಾಂಡ್ರೆಲ್ ಬೆಂಡಿನಲ್ಲಿ ಒಳಗಿನ ಅಗಲ ಎಲ್ಲಿಯೂ ಕುಗ್ಗುವುದಿಲ್ಲ.

ಶಬ್ದದ ಬಗ್ಗೆ ನನಗೆ ಸ್ವಂತ ಅನುಭವವಿದೆ. ಮೊದಲ ಬಾರಿ ಬದಲಿಸಿದಾಗ, ಮಧ್ಯದ ಚಿಕ್ಕ ಪೆಟ್ಟಿಗೆ ಅನಗತ್ಯವೆಂದು ಕೆಲಸ ಮಾಡಿದವರು ಹೇಳಿದ್ದನ್ನು ಒಪ್ಪಿ ಅಲ್ಲಿ ನೇರ ಪೈಪು ಹಾಕಿಸಿದೆ. ನಿಂತಾಗ ಕಾರು ಚೆನ್ನಾಗಿಯೇ ಕೇಳಿಸಿತು. ಒಂದೇ ವೇಗದಲ್ಲಿ ಓಡಿಸುವಾಗ ಮಾತ್ರ ತಲೆಯೊಳಗೆ ಗುಂಯ್‌ಗುಡುವ ಸದ್ದು ಬಿಡದೆ ಕಾಡಿತು. ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ 100 ಬಾರಿ ಹೊಗೆಯನ್ನು ಹೊರದೂಡುತ್ತದೆ, ಮತ್ತು ಅಂತಹ ತಗ್ಗಿನ ಸ್ವರಕ್ಕೆ ಕಾರಿನ ಒಳಭಾಗವೆಲ್ಲ ಅನುರಣಿಸಬಲ್ಲದು. ಮಧ್ಯದ ಪೆಟ್ಟಿಗೆ ಇರುವುದೇ ಅಂತಹ ಸ್ವರಗಳನ್ನು ತಗ್ಗಿಸಲು. ಈ ಬಾರಿ ಅದನ್ನು ಮರಳಿ ಹಾಕಿಸಿದೆ. ಹಿಂದಿನ ಪೆಟ್ಟಿಗೆಯ ತಳದಲ್ಲಿ ತಯಾರಕರೇ ಕೊರೆದಿರುವ ಚಿಕ್ಕ ರಂಧ್ರವೊಂದು ಕಂಡರೆ ಅದನ್ನು ದೋಷವೆಂದು ಭಾವಿಸಿ ಮುಚ್ಚಿಸಬಾರದು. ಅದು ನೀರು ಹೊರಹೋಗುವ ದಾರಿ.

ಕಾರಿಗೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯಲ್ಲಿರುವ ವಿಷಾನಿಲಗಳನ್ನು ತಗ್ಗಿಸುವ ಭಾಗ) ಇದ್ದರೆ ಅದನ್ನು ತೆಗೆಸಬಾರದು. ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಇರುವ ಕಾರಿನಲ್ಲಿ ಆ ಸೆನ್ಸರಿಗಿಂತ ಮುಂಚಿನ ಕೀಲು ಸೋರಿದರೆ ಹೊರಗಿನ ಗಾಳಿ ಒಳಸೇರಿ, ಎಂಜಿನ್ನಿನಲ್ಲಿ ಉರಿಯುವ ಮಿಶ್ರಣದಲ್ಲಿ ಇಂಧನ ಕಡಿಮೆಯಾಗಿದೆ ಎಂಬ ತಪ್ಪು ಸೂಚನೆ ಹೋಗಿ, ಎಂಜಿನ್ ಅನಗತ್ಯವಾಗಿ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ.

ಹೊಸ ಭಾಗಗಳನ್ನು ಹಳೆಯದರ ಪಕ್ಕದಲ್ಲಿಟ್ಟು ಅಳೆಯುವವರೆಗೂ ಹಳೆಯದನ್ನು ಎಸೆಯಬಾರದು. ಕೀಲುಗಳು ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್‌ಗಳನ್ನೂ ಪೈಪು ತೂಗುಹಾಕುವ ರಬ್ಬರ್‌ಗಳನ್ನೂ ಹೊಸದಾಗಿಯೇ ಕೊಳ್ಳಬೇಕು. ಮೂರು ಮೀಟರ್ ಉದ್ದದ ಪೈಪಿನ ಶಾಖ 300 ಡಿಗ್ರಿ ಸೆಲ್ಸಿಯಸ್ ಏರಿದರೆ ಮೈಲ್ಡ್ ಸ್ಟೀಲ್ ಸುಮಾರು 11 ಮಿಲಿಮೀಟರ್, 304 ಸುಮಾರು 15 ಮಿಲಿಮೀಟರ್ ಹಿಗ್ಗುತ್ತದೆ. ಗಟ್ಟಿಯಾದ ಹಳೆಯ ರಬ್ಬರ್ ಆ ಚಲನೆಗೆ ಎಡೆಕೊಡದಿದ್ದರೆ ವೆಲ್ಡ್ ಸೀಳುತ್ತದೆ. ಎಲ್ಲ ಕ್ಲ್ಯಾಂಪ್‌ಗಳನ್ನೂ ಸಡಿಲವಾಗಿಟ್ಟು, ಪೈಪು ಎಲ್ಲಿಯೂ ಕಾರಿನ ತಳಕ್ಕೆ ತಾಗದಂತೆ ಹೊಂದಿಸಿ, ಎಂಜಿನ್ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯುತ್ತ ಬರಬೇಕು. ಸೀಟಿನ ಕೆಳಗೆ ಬರುವ ಕೀಲುಗಳಲ್ಲಿ ಅಲ್ಪ ಸೋರಿಕೆಯನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನನ್ನ ಕಾರಿನಲ್ಲಿ ಎಲ್ಲವನ್ನೂ ಬಿಗಿದು ಒಂದು ವಾರ ಓಡಿಸಿದ ಮೇಲೆ, ತಣ್ಣಗಿರುವಾಗ ಮತ್ತೊಮ್ಮೆ ಸ್ಪ್ಯಾನರ್ ಹಿಡಿದು ನೋಡಿದೆ. ಎರಡು ಕ್ಲ್ಯಾಂಪ್‌ಗಳು ಇನ್ನೂ ಅರ್ಧ ಸುತ್ತು ತಿರುಗಿದವು.