'ಅಧ್ಯಕ್ಷೆ ಒಬ್ಬರು, ನಡೆಸೋದು ಇನ್ನೊಬ್ಬರು' ಅನ್ನುವವರಿಗೆ ನನ್ನ ಉತ್ತರ

ಗ್ರಾಮ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಕೆಲಸ ನನ್ನದು. ಅದು ಗೊತ್ತಾದ ಕೂಡಲೇ ಜನ ಒಂದೇ ಪ್ರಶ್ನೆ ಕೇಳುತ್ತಾರೆ. "ಮೀಸಲಾತಿ ಬಂತು, ಕೇರಿಯ ಹೆಣ್ಣುಮಗಳು ಅಧ್ಯಕ್ಷೆ ಆದಳು, ಸರಿ. ಆದರೆ ಪಂಚಾಯಿತಿ ನಡೆಸೋದು ಅವಳ ಗಂಡ, ಇಲ್ಲಾಂದ್ರೆ ಊರ ದೊಡ್ಡವರು ಅಲ್ವಾ? ಇದರಿಂದ ಏನು ಬದಲಾಯ್ತು?" ಕೇಳುವವರಲ್ಲಿ ನಿಜವಾದ ಕಾಳಜಿ ಇರುವವರೂ ಇದ್ದಾರೆ, ಮೀಸಲಾತಿಯೇ ಬೇಡ ಅನ್ನುವವರೂ ಇದ್ದಾರೆ. ಇಬ್ಬರಿಗೂ ನಾನು ಹೇಳುವುದು ಇಷ್ಟು.

ಹೌದು, ಎಷ್ಟೋ ಕಡೆ ಬೇರೆಯವರೇ ನಡೆಸುತ್ತಾರೆ. ಅದು ಹೇಗೆ ಆಗುತ್ತದೆ ಅನ್ನುವುದನ್ನು ಸ್ವಲ್ಪ ನೋಡಿ. ಸ್ಥಾನ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲು ಅಂತ ಪಟ್ಟಿ ಬರುತ್ತದೆ. ಊರಿನ ಜಮೀನುದಾರರು ತಮ್ಮ ಹೊಲದಲ್ಲಿ ಕೂಲಿ ಮಾಡುವ, ತಮ್ಮ ಹತ್ತಿರ ಸಾಲ ಇರುವ ಮನೆಯ ಹೆಂಗಸನ್ನೇ ಹುಡುಕುತ್ತಾರೆ. ನಾಮಪತ್ರದ ಖರ್ಚು ಅವರದೇ. ಗೆದ್ದ ಮೇಲೆ ಸಭೆಯ ತೀರ್ಮಾನ ಬರೆಯುವ ನಡವಳಿ ಪುಸ್ತಕ ಮನೆಗೆ ಬರುತ್ತದೆ, ಸಹಿ ಹಾಕಿಸಿಕೊಂಡು ವಾಪಸ್ ಹೋಗುತ್ತದೆ. ಬಿಲ್ಲು ಪಾಸು ಮಾಡಲು ಅಧ್ಯಕ್ಷರ ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಡೋಂಗಲ್, ಅಂದರೆ ಕಂಪ್ಯೂಟರಿನಲ್ಲಿ ಸಹಿ ಹಾಕುವ ಪುಟ್ಟ ಸಾಧನ, ಎರಡೂ ಬೇಕು. ಅಧ್ಯಕ್ಷೆಯ ಡೋಂಗಲ್ ಇನ್ಯಾರದೋ ಜೇಬಿನಲ್ಲಿರುತ್ತದೆ. ಆಕೆ ಎಂದಾದರೂ "ಲೆಕ್ಕ ತೋರಿಸಿ" ಅಂದರೆ ಅವಿಶ್ವಾಸದ ಮಾತು ಶುರುವಾಗುತ್ತದೆ.

ಇಷ್ಟೆಲ್ಲ ಮಾಡಿದವರು ಯಾರು? ಆಕೆ ಅಲ್ಲ. ಆದರೂ ಪ್ರಶ್ನೆ ಬರುವುದು ಆಕೆಯ ಕಡೆಗೆ, ಆಕೆಗೆ ಸಿಕ್ಕ ಮೀಸಲಾತಿಯ ಕಡೆಗೆ. ಡೋಂಗಲ್ ಕಿತ್ತುಕೊಂಡವನನ್ನು ಯಾರೂ ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಊರಿನ ಕೈಗೆ ಅಧಿಕಾರ ಕೊಟ್ಟರೆ ಅದು ಊರಿನ ಬಲಾಢ್ಯರ ಕೈಗೆ ಹೋಗುತ್ತದೆ ಅನ್ನುವುದು ಹೊಸ ಮಾತೇನಲ್ಲ. 1932ರಲ್ಲಿ ಮುಂಬೈ ಶಾಸನಸಭೆಗೆ ಗ್ರಾಮ ಪಂಚಾಯಿತಿ ಮಸೂದೆ ಬಂದಾಗ ಅಂಬೇಡ್ಕರ್ ಇದನ್ನೇ ಹೇಳಿದ್ದರು. ಎಲ್ಲ ವಯಸ್ಕರಿಗೂ ಮತ ಕೊಟ್ಟರೂ ಸಾಲದು, ಒಂದೊಂದು ಊರಿನಲ್ಲೂ ಅಸ್ಪೃಶ್ಯರು ಕಡಿಮೆ ಸಂಖ್ಯೆಯಲ್ಲಿರುತ್ತಾರೆ, ಅವರಿಗೆ ಸ್ಥಾನ ಕಾಯ್ದಿಡಬೇಕು ಅನ್ನುವುದು ಅವರ ವಾದ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯನ್ನು ಅಜ್ಞಾನದ, ಸಣ್ಣತನದ ಗೂಡು ಅಂತ ಕರೆದಾಗ ಬಹಳ ಜನ ಬೇಜಾರು ಮಾಡಿಕೊಂಡರು. ಆದರೆ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಅವರು 1932ರಲ್ಲಿ ಕೇಳಿದ್ದನ್ನೇ ದೇಶದ ಬಹುತೇಕ ಎಲ್ಲ ಪಂಚಾಯಿತಿಗಳಿಗೆ ಕೊಟ್ಟಿತು. ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಜನಸಂಖ್ಯೆಗೆ ತಕ್ಕ ಸ್ಥಾನ, ಅದರ ಜೊತೆ ಮಹಿಳೆಯರಿಗೂ ಕನಿಷ್ಠ ಮೂರನೇ ಒಂದು ಭಾಗ. ನಮ್ಮ ಕರ್ನಾಟಕ ಅದಕ್ಕೂ ಮೊದಲೇ ಒಂದು ಹೆಜ್ಜೆ ಇಟ್ಟಿತ್ತು. ನಜೀರ್ ಸಾಬ್ ಅವರು ಮಂತ್ರಿಯಾಗಿದ್ದಾಗ ಬಂದ 1983ರ ಕಾಯ್ದೆಯಲ್ಲೇ ಮಹಿಳೆಯರಿಗೆ ಶೇ. 25 ಮೀಸಲು ಇತ್ತು. ಈಗ ಅದು ಶೇ. 50.

"ಕುರ್ಚಿಯಿಂದ ಏನಾಗುತ್ತೆ?" ಅನ್ನುವವರಿಗೆ ತಮಿಳುನಾಡಿನ ಮಧುರೈ ಜಿಲ್ಲೆಯ ಕಥೆ ಹೇಳಬೇಕು. ಅಲ್ಲಿನ ಮೇಲವಳವು ಪಂಚಾಯಿತಿ 1996ರಲ್ಲಿ ಪರಿಶಿಷ್ಟರಿಗೆ ಮೀಸಲಾಯಿತು. ಅಧ್ಯಕ್ಷರಾದ ಮುರುಗೇಶನ್ ಅವರನ್ನು ಊರಿನ ಬಲಾಢ್ಯ ಜಾತಿಯವರು 1997ರ ಜೂನ್ 30ರಂದು ಕೊಂದರು. ಅವರ ಜೊತೆ ಇನ್ನೂ ಐದು ಜನ ಸತ್ತರು. ಅದೇ ಜಿಲ್ಲೆಯ ಪಾಪಾಪಟ್ಟಿ, ಕೀರಿಪಟ್ಟಿಗಳಲ್ಲಿ ಹತ್ತು ವರ್ಷ ಮೀಸಲು ಸ್ಥಾನದಲ್ಲಿ ಯಾರೂ ಕೂರದಂತೆ ನೋಡಿಕೊಂಡರು. ಒಂದೋ ನಾಮಪತ್ರ ಹಾಕಲು ಬಿಡುತ್ತಿರಲಿಲ್ಲ, ಇಲ್ಲವೇ ಗೆದ್ದವರಿಂದ ಕೂಡಲೇ ರಾಜೀನಾಮೆ ಕೊಡಿಸುತ್ತಿದ್ದರು. ಸರಿಯಾಗಿ ಚುನಾವಣೆ ನಡೆದದ್ದು 2006ರಲ್ಲಿ. ಆ ಕುರ್ಚಿಗೆ ಬೆಲೆಯೇ ಇಲ್ಲದಿದ್ದರೆ ಅದನ್ನು ತಡೆಯಲು ಇಷ್ಟು ದೂರ ಹೋಗುತ್ತಿದ್ದರಾ? ಅದರಿಂದ ಏನು ಕೈತಪ್ಪುತ್ತದೆ ಅಂತ ತಡೆಯುವವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಬದಲಾವಣೆಯ ಮಾತು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅನ್ನುವ ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಮಾಡಿದರು. ಮಹಿಳೆಗೆ ಮೀಸಲಾದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿಗೆ ಜಾಸ್ತಿ ಖರ್ಚಾಗಿತ್ತು. ಅಲ್ಲೂ "ಹೆಂಗಸರು ಬರೀ ಹೆಸರಿಗೆ" ಅನ್ನುವ ಮಾತು ಇದ್ದೇ ಇತ್ತು. ನಮಗೆ ಇನ್ನೂ ಹತ್ತಿರದ್ದು ಟಿಮ್ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಅವರು ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ಮಾಡಿದ ಕೆಲಸ. ಊರಿನ ಮತದಾರರೆಲ್ಲ ಸೇರುವ ಗ್ರಾಮ ಸಭೆ ನಡೆದ ಊರುಗಳಲ್ಲಿ ಭೂಮಿ ಇಲ್ಲದವರಿಗೆ, ಓದುಬರಹ ಇಲ್ಲದವರಿಗೆ ಸರ್ಕಾರದ ಸವಲತ್ತು ಹೆಚ್ಚು ತಲುಪಿತ್ತು.

ಹಾಗಾಗಿ ಯಾರಾದರೂ "ಅಧ್ಯಕ್ಷೆಯ ಹಿಂದೆ ಯಾರಿದ್ದಾರೆ" ಅಂತ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ನಿಮ್ಮೂರಿನ ವಾರ್ಡ್ ಸಭೆ, ಅಂದರೆ ಒಂದು ವಾರ್ಡಿನ ಮತದಾರರೆಲ್ಲ ಸೇರುವ ಸಭೆ, ಎಲ್ಲಿ ನಡೆಯುತ್ತೆ? ಎಷ್ಟು ಗಂಟೆಗೆ? ಯಾರಿಗೆ ಸುದ್ದಿ ಮುಟ್ಟುತ್ತೆ?

ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. ನಮ್ಮ ರಾಜ್ಯದ ಪಂಚಾಯಿತಿ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ಆಗಬೇಕು. ಬಂದವರಲ್ಲಿ ಶೇ. 30ರಷ್ಟು ಹೆಂಗಸರು ಇರಬೇಕು, ಪರಿಶಿಷ್ಟರು ತಮ್ಮ ಜನಸಂಖ್ಯೆಗೆ ತಕ್ಕಷ್ಟು ಇರಬೇಕು. ಆದರೆ ಸಭೆಯನ್ನು ಕೇರಿಯವರು ಕಾಲಿಡಲು ಹಿಂಜರಿಯುವ ದೇವಸ್ಥಾನದ ಜಗಲಿಯಲ್ಲಿ ಇಟ್ಟರೆ? ಕೂಲಿಗೆ ಹೋದವರು ಬರಲಾಗದ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ? ಕಾಗದದ ಮೇಲೆ ಕೋರಂ (ಬೇಕಾದಷ್ಟು ಹಾಜರಾತಿ) ಆಗುತ್ತದೆ, ಸಹಿಗಳೂ ಇರುತ್ತವೆ. ಮನೆ ಇಲ್ಲದವರ ಪಟ್ಟಿಯಲ್ಲಿ ಮಾತ್ರ ಮನೆ ಇರುವವರ ಹೆಸರು ಸೇರಿರುತ್ತದೆ. ಅದೇ ಸಭೆ ಸಂಜೆ, ಕಾಲೊನಿಯ ಅಂಗನವಾಡಿ ಮುಂದೆ ನಡೆದರೆ ಏಳುವ ಮಾತುಗಳೇ ಬೇರೆ. ಸ್ಮಶಾನಕ್ಕೆ ಜಾಗ ಇಲ್ಲ, ಹೆಣ ಹೊತ್ತುಕೊಂಡು ಯಾರದೋ ಹೊಲದ ಬದುವಿನಲ್ಲಿ ಹೋಗಬೇಕು ಅನ್ನುವ ಮಾತು ಅಲ್ಲಿ ಬರುತ್ತದೆ. ನಲ್ಲಿಯಲ್ಲಿ ಕೊನೆಯ ಮನೆಗೆ ನೀರು ಬರಲ್ಲ ಅನ್ನುವುದು ಅಲ್ಲಿ ಬರುತ್ತದೆ. ಸಭೆಯ ಜಾಗ ಮತ್ತು ಹೊತ್ತು ಬದಲಾಯಿಸಲು ಯಾವ ಅನುದಾನವೂ ಬೇಕಿಲ್ಲ. ಒಬ್ಬ ವಾರ್ಡ್ ಸದಸ್ಯೆ ಪಟ್ಟು ಹಿಡಿದರೆ ಸಾಕು.

ಎರಡನೆಯದು ದುಡ್ಡಿನ ಲೆಕ್ಕ. ಮನೆ ಕಂದಾಯ, ನೀರಿನ ಕರ, ಸಂತೆ ಹರಾಜು, ಹೀಗೆ ಪಂಚಾಯಿತಿಯ ಸ್ವಂತ ವರಮಾನದಲ್ಲಿ ಶೇ. 25ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ ಖರ್ಚು ಮಾಡಬೇಕು. ಶೇ. 5 ಅಂಗವಿಕಲರಿಗೆ. ಕೇರಿಯ ಮುಂದೆ ಹಾದುಹೋಗುವ, ಇಡೀ ಊರು ಬಳಸುವ ರಸ್ತೆಗೆ ಜಲ್ಲಿ ಹಾಕಿ ಅದನ್ನು ಈ ಲೆಕ್ಕಕ್ಕೆ ಬರೆಯುವುದು ಹಳೇ ಚಾಳಿ. ಇದನ್ನು ಹಿಡಿಯಲು ಜಮಾಬಂದಿ ಇದೆ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಪ್ರತಿ ಪಂಚಾಯಿತಿಯೂ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಇಡಬೇಕು, ಮಾಡಿದ ಕಾಮಗಾರಿ ತೋರಿಸಬೇಕು. ಪ್ರತಿ ಪಂಚಾಯಿತಿಯಲ್ಲೂ ಸಾಮಾಜಿಕ ನ್ಯಾಯ ಸಮಿತಿ ಅಂತ ಒಂದಿದೆ. ಎಷ್ಟೋ ಸದಸ್ಯರಿಗೆ ತಾವು ಅದರಲ್ಲಿ ಇದ್ದೇವೆ ಅನ್ನುವುದೇ ತರಬೇತಿಗೆ ಬಂದ ಮೇಲೆ ಗೊತ್ತಾಗುತ್ತದೆ. ಇದು ಅವರ ತಪ್ಪಲ್ಲ, ಯಾರೂ ಅವರಿಗೆ ಹೇಳಿರುವುದಿಲ್ಲ.

ವ್ಯವಸ್ಥೆಯಲ್ಲೂ ದೋಷ ಇದೆ. ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಬಿಲ್ಲು, ಠರಾವು, ಕ್ರಿಯಾ ಯೋಜನೆ ಅಂದರೆ ಏನು ಅಂತ ತಿಳಿಯುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ. ಮುಂದಿನ ಸಲ ಮೀಸಲಾತಿ ಬದಲಾದರೆ ಆ ಅನುಭವ ಅಷ್ಟೂ ಮನೆಗೆ ಹೋಗುತ್ತದೆ. ನನ್ನ ಪ್ರಕಾರ ಅಧ್ಯಕ್ಷರಿಗೆ ಪೂರ್ತಿ ಐದು ವರ್ಷ ಕೊಡಬೇಕು. ಚುನಾವಣೆಗಳೂ ಹೊತ್ತಿಗೆ ಸರಿಯಾಗಿ ಆಗಬೇಕು. 2016ರಲ್ಲಿ ಆಯ್ಕೆಯಾದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ ಅಂದರೆ, ಮೀಸಲು ಸ್ಥಾನ ಯಾವ ಪುಸ್ತಕದಲ್ಲಿದ್ದರೆ ಏನು ಬಂತು?

ಹೊಸ ಸದಸ್ಯೆಯರು ತರಬೇತಿಯ ಬಿಡುವಿನಲ್ಲಿ, ಗಂಡಸರು ಆಚೆ ಹೋದ ಮೇಲೆ, ಮೆಲ್ಲಗೆ ಕೇಳುವುದು ಬೇರೆಯದೇ ಪ್ರಶ್ನೆ. "ಮೇಡಂ, ಪುಸ್ತಕ ಮನೆಗೆ ಕಳಿಸಿ ಸಹಿ ಹಾಕಿ ಅಂತಾರೆ, ಏನು ಮಾಡ್ಲಿ?" ನಾನು ಹೇಳುವುದು ಇಷ್ಟು. ಸಭೆಯಲ್ಲಿ ಓದಿ ಹೇಳದೆ ಸಹಿ ಹಾಕಬೇಡಿ ಅಕ್ಕಾ. ಓದಲು ಬರದಿದ್ದರೆ ಓದಿ ಹೇಳಿ ಅಂತ ಕೇಳುವುದು ನಿಮ್ಮ ಹಕ್ಕು. ಒಪ್ಪಿಗೆ ಇಲ್ಲದಿದ್ದರೆ ಒಪ್ಪಿಗೆ ಇಲ್ಲ ಅಂತ ಅದೇ ಪುಸ್ತಕದಲ್ಲಿ ಬರೆಸಿ. ಒಬ್ಬರೇ ಹೋಗಬೇಡಿ, ನಿಮ್ಮಂಥ ಇನ್ನೊಬ್ಬ ಸದಸ್ಯೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಡೋಂಗಲ್ ನಿಮ್ಮ ಹತ್ತಿರವೇ ಇರಲಿ.