ಸರಾಯೆವೊದಲ್ಲಿ ಚಿತ್ರಾನ್ನ ಮಾಡಿದ ರಾತ್ರಿ

ಬೋಸ್ನಿಯಾದ ಸರಾಯೆವೊದಲ್ಲಿ ಐದು ದಿನ ಇದ್ದೆವು. ಹಳೇ ಪೇಟೆ, ಮಸೀದಿ, ಸೇತುವೆ ಎಲ್ಲಾ ನೋಡಿದ್ದಾಯಿತು, ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನ್ನ ತಲೆಯಲ್ಲಿ ಉಳಿದಿರುವುದು ಒಂದು ಡಬ್ಬಿ, ಒಂದು ಪಾತ್ರೆ ಅನ್ನ.

ಡಬ್ಬಿ ಇರುವುದು ಇತಿಹಾಸ ಮ್ಯೂಸಿಯಂ ಹತ್ತಿರ. ದನದ ಮಾಂಸದ ಟಿನ್ ಡಬ್ಬಿಯನ್ನೇ ದೊಡ್ಡದಾಗಿ ಮಾಡಿ ಕಲ್ಲಿನ ಪೀಠದ ಮೇಲೆ ಕೂರಿಸಿದ್ದಾರೆ. 2007ರ ಸ್ಮಾರಕ. ಅಂತರರಾಷ್ಟ್ರೀಯ ಸಮುದಾಯಕ್ಕೆ, ಕೃತಜ್ಞ ನಾಗರಿಕರಿಂದ ಅಂತ ಬರೆದಿದೆ. 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿವರೆಗೆ ಬೋಸ್ನಿಯಾ ಯುದ್ಧದಲ್ಲಿ ಸರ್ಬ್ ಪಡೆಗಳು ಈ ಊರಿಗೆ ಮುತ್ತಿಗೆ ಹಾಕಿದ್ದವು, ಸುತ್ತಲಿನ ಬೆಟ್ಟಗಳಿಂದ ಶೆಲ್ ಬೀಳುತ್ತಿತ್ತು. ಆಗ 12,000ಕ್ಕೂ ಹೆಚ್ಚು ಸಲ ಪರಿಹಾರದ ವಿಮಾನಗಳು ಬಂದು ಸುಮಾರು 1,60,000 ಟನ್ ಸಾಮಾನು ಇಳಿಸಿದವು. 1992ರ ಸೆಪ್ಟೆಂಬರ್‌ನಲ್ಲಿ ಕಂಬಳಿ ಹೊತ್ತು ಬರುತ್ತಿದ್ದ ಇಟಲಿಯ ವಿಮಾನವನ್ನೇ ಯಾರೋ ಹೊಡೆದು ಉರುಳಿಸಿದರು, ಒಳಗಿದ್ದ ನಾಲ್ವರೂ ಸತ್ತರು. ಡಬ್ಬಿ ಪಕ್ಕ ನಿಂತು ಸೆಲ್ಫಿ ತೆಗೆದು ನಗುವವರನ್ನು ನೋಡಿ ನನಗೆ ಬೇಜಾರಾಯಿತು.

ಮೂರು ದಿನ ಆಲೂಗಡ್ಡೆ ತುಂಬಿದ ಪೈ ತಿಂದು ನಾಲಿಗೆ ಕೆಟ್ಟಿತ್ತು. (ಸಸ್ಯಾಹಾರಿಗಳು ಬುರೆಕ್ ಅಂತ ಕೇಳಬೇಡಿ, ಅಲ್ಲಿ ಅದು ಮಾಂಸದ್ದೇ. ಕ್ರೊಂಪಿರುಶಾ ಅಂತ ಕೇಳಿ.) ಉಳಿದುಕೊಂಡಿದ್ದ ಮನೆಯಲ್ಲಿ ಅಡುಗೆ ಮಾಡಲು ಬಿಟ್ಟರು. ನಿಂಬೆಹಣ್ಣು ಸಿಕ್ಕಿತು, ಕಡಲೆಬೀಜ, ಸಾಸಿವೆ, ಅರಿಶಿನ ಊರಿಂದ ತಂದಿದ್ದೆ. ಚಿತ್ರಾನ್ನ ಕಲಸಿ ಮನೆಯ ಅಜ್ಜಿಗೂ ಒಂದು ಬಟ್ಟಲು ಕೊಟ್ಟೆ.

ಅವರು ಬಟ್ಟಲನ್ನೇ ನೋಡುತ್ತಾ ಕೂತರು. "ಈ ಮನೆಯಲ್ಲಿ ಯುದ್ಧ ಮುಗಿದ ಮೇಲೆ ಅನ್ನ ಬೆಂದಿಲ್ಲ" ಅಂದರು. ಮಗಳು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು. ಪರಿಹಾರದಲ್ಲಿ ಬರುತ್ತಿದ್ದದ್ದು ಅಕ್ಕಿ, ಮ್ಯಾಕರೋನಿ, ಹಾಲಿನ ಪುಡಿ, ಆ ಮಾಂಸದ ಡಬ್ಬಿ. ಬೆಳಿಗ್ಗೆ ಅನ್ನ, ರಾತ್ರಿ ಅನ್ನ. ಎಣ್ಣೆ ಮಾತ್ರ ಸ್ವಲ್ಪ. ಕರೆಂಟ್ ಇರಲಿಲ್ಲ, ಹಾಗಾಗಿ ಗಾಜಿನ ಲೋಟದಲ್ಲಿ ನೀರು, ಅದರ ಮೇಲೆ ಒಂದು ಬೆರಳು ಎಣ್ಣೆ, ಬಿರಡೆಗೆ ತೂತು ಮಾಡಿ ಶೂ ಲೇಸಿನ ಬತ್ತಿ. "ಇವಳು ರಾತ್ರಿ ಓದಿದರೆ ಮಾರನೇ ದಿನ ಬಾಣಲೆಗೆ ಎಣ್ಣೆ ಇಲ್ಲ. ಆದರೂ ಓದು ಅಂತಿದ್ದೆ."

ಸಹಾಯದ ಮೇಲೆ ಸಿಟ್ಟಾ ಅಂತ ಕೇಳಿಯೇ ಬಿಟ್ಟೆ. ಕೇಳಬಾರದಿತ್ತೇನೋ.

"ಅದೇ ಅಕ್ಕಿಯಿಂದ ಇವಳು ಬದುಕಿದಳು. ಕಳಿಸಿದವರಿಗೆ ಒಳ್ಳೆಯದಾಗಲಿ. ಆದರೆ ನಾನು ಪ್ರತಿದಿನ ಕಾಯುತ್ತಿದ್ದದ್ದು ಅಕ್ಕಿಗಲ್ಲ. ಶೆಲ್ ನಿಲ್ಲಿಸುವವರಿಗೆ."

ಆಮೇಲೆ, ನಿಮ್ಮ ಭಾರತದ ಜನರಲ್ ಒಬ್ಬರಿದ್ದರಲ್ಲ ಅಂದರು. ಸತೀಶ್ ನಂಬಿಯಾರ್, ಆಗ ಅಲ್ಲಿಗೆ ಬಂದಿದ್ದ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯ ಮೊದಲ ಮುಖ್ಯಸ್ಥರು. ಅವರ ರೆಜಿಮೆಂಟ್ ಮರಾಠಾ ಲೈಟ್ ಇನ್ಫೆಂಟ್ರಿಯ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿ ಅಂದೆ. ಅಜ್ಜಿ ತಲೆ ಆಡಿಸಿದರು, ಅಷ್ಟೇ.

ಹೊರಡುವವರಿಗೆ ಒಂದು ಮಾತು: ಅಲ್ಲಿಯ ಮಾರ್ಕ್ ಹಣವನ್ನು ಗಡಿ ದಾಟುವ ಮುಂಚೆಯೇ ಯೂರೋ ಮಾಡಿಸಿಕೊಳ್ಳಿ. ಹೊರಗೆ ಯಾರೂ ತಗೊಳ್ಳಲಿಲ್ಲ, ನನ್ನ 90 ಮಾರ್ಕ್ ಬೀರುವಿನಲ್ಲೇ ಇದೆ, ಈಗಲೂ ಹೊಟ್ಟೆ ಉರಿಯುತ್ತದೆ.

ಆ ರಾತ್ರಿ ಅಜ್ಜಿ ಕಡಲೆಬೀಜ ಮಾತ್ರ ಒಂದೊಂದೇ ಆರಿಸಿ ತಿಂದರು. ನಾನು ಬಟ್ಟಲು ತೆಗೆದು ಕಸದ ಬುಟ್ಟಿ ಕಡೆ ಹೋದೆ, ಕೈ ಹಿಡಿದು ತಡೆದರು. ಉಳಿದ ಅನ್ನವನ್ನೆಲ್ಲಾ ಡಬ್ಬಿಗೆ ತುಂಬಿ, ಅಂಟಿದ್ದ ಅಗುಳನ್ನೂ ಬೆರಳಲ್ಲಿ ಬಳಿದು ಹಾಕಿ ಮುಚ್ಚಿದರು. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಅದನ್ನು ನನ್ನ ಚೀಲಕ್ಕೆ ಅವರೇ ಇಟ್ಟರು.