ಸಿಹಿನೀರಿಗೆ ಸತ್ತ ಬಳಚು

ಹೊನ್ನಾವರದ ಒಂದು ಮೀನೂಟದ ಹೋಟೆಲಿನಲ್ಲಿ ಬಳಚಿನ, ಅಂದರೆ ಅಳಿವೆಯ ಮರಳಲ್ಲಿ ಸಿಗುವ ಚಿಪ್ಪುಮೀನಿನ, ಸುಕ್ಕ ಕೇಳಿದೆ. "ಇವತ್ತು ಕುಮಟಾ ಕಡೆಯಿಂದ ಮಾಲು ಬರಲಿಲ್ಲ ಸರ್" ಅಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಆಚೆ ನೋಡಿದರೆ ಶರಾವತಿ. ಅದರ ಮೇಲಿನ ರೈಲು ಸೇತುವೆಯೇ ಎರಡು ಕಿಲೋಮೀಟರಿಗಿಂತ ಉದ್ದ. ಇಷ್ಟು ದೊಡ್ಡ ಅಳಿವೆಯನ್ನು ಊರ ಮುಂದೆ ಇಟ್ಟುಕೊಂಡು ಬಳಚನ್ನು ಕುಮಟಾದಿಂದ ತರಿಸುವುದೇ?

"ನಮ್ಮ ಹೊಳೆ ಸಿಹಿ ಆಗಿಹೋಯ್ತಲ್ಲ. ಇಲ್ಲಿ ಬಳಚು ಎಲ್ಲಿಂದ ಬರಬೇಕು?"

ಬಂಗಡೆ ಊಟ ಮುಗಿಸಿದೆ, ಚೆನ್ನಾಗಿತ್ತು. ಆದರೆ ಆ ಮಾತು ಮಾತ್ರ ಕೊರೆಯುತ್ತಲೇ ಇತ್ತು. ಅಣೆಕಟ್ಟು ಅಂದರೆ ಕೆಳಗಿನ ಹೊಳೆ ಬತ್ತಿಹೋಗುತ್ತದೆ ಅಂತಲೇ ಎಲ್ಲರೂ ಹೇಳುವುದು, ಅಲ್ವಾ? ಇಲ್ಲಿ ಆಗಿರುವುದು ಉಲ್ಟಾ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂತು. ಮುಂದೆ 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ, ಇನ್ನೂ ಕೆಳಗೆ ಗೇರುಸೊಪ್ಪೆಯ 240 ಮೆಗಾವ್ಯಾಟು. ಟರ್ಬೈನ್ ತಿರುಗಿಸಿದ ನೀರು ಬೇಸಿಗೆ, ಮಳೆಗಾಲ ಎನ್ನದೆ ವರ್ಷವಿಡೀ ಕೆಳಗೆ ಇಳಿಯುತ್ತದೆ. ಮೊದಲು ಬೇಸಿಗೆಯಲ್ಲಿ ಹೊಳೆ ಸಣ್ಣಗಾದಾಗ ಸಮುದ್ರ ಒಳಗೆ ಬರುತ್ತಿತ್ತು, ಈಗ ಆ ಸಿಹಿನೀರು ಅದಕ್ಕೆ ದಾರಿ ಬಿಡುವುದಿಲ್ಲ. ಉಪ್ಪು ಇಲ್ಲದೆ ಬಳಚು ಇಲ್ಲ, ಎಷ್ಟೋ ಜಾತಿಯ ಮೀನೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಅಳಿವೆಯನ್ನೂ ಪಕ್ಕದ ಕುಮಟಾದ ಅಘನಾಶಿನಿ ನದಿಯ ಅಳಿವೆಯನ್ನೂ ಹೋಲಿಸಿ ಇದನ್ನೇ ತೋರಿಸಿದ್ದಾರೆ. ನಾನು ತುಮಕೂರಿನವನು. ನಮ್ಮನೆ ಮಿಕ್ಸಿ ತಿರುಗಿದ್ದೂ ಇದೇ ಕರೆಂಟಿನಲ್ಲಿ, ಹಾಗಾಗಿ ಜಾಸ್ತಿ ಮಾತಾಡುವ ಹಾಗಿಲ್ಲ.

ಹೊನ್ನಾವರದ ಕಾಂಡ್ಲಾವನದ (ಮ್ಯಾಂಗ್ರೋವ್ ಕಾಡು) ಮರದ ಹಾದಿಯಲ್ಲೂ ನಡೆದೆ. ಹಾದಿ ಚೆನ್ನಾಗಿದೆ. ಆದರೆ ಸೆಲ್ಫಿ ಗದ್ದಲದಲ್ಲಿ ಒಂದು ಏಡಿಯೂ ಬಿಲದಿಂದ ತಲೆ ಹೊರಗೆ ಹಾಕಲಿಲ್ಲ. ಗೋಕರ್ಣದಲ್ಲಿ ಕಳೆದ ದಿನಗಳ ಬಗ್ಗೆ ಬರೆಯುವಂಥದ್ದು ಏನಿಲ್ಲ, ದುಬಾರಿ ಚಹಾ ಬಿಟ್ಟರೆ.

ಅಘನಾಶಿನಿ ನೋಡಲೇಬೇಕು ಅಂತ ಕುಮಟಾದಲ್ಲಿ ಉಳಿದೆ. ಬಳಚು ಹೆಕ್ಕುವುದನ್ನು ನೋಡಲು ಎಷ್ಟು ಹೊತ್ತಿಗೆ ಹೋಗಬೇಕು ಎಂದು ಹೋಂಸ್ಟೇಯವರನ್ನು ಕೇಳಿದರೆ "ಯಾವಾಗ ಬೇಕಾದ್ರೂ ಹೋಗಿ ಸರ್, ದಿನಾ ಇಡೀ ಹೆಕ್ತಾ ಇರ್ತಾರೆ" ಅಂದರು. ಬಾಡಿಗೆ ಸ್ಕೂಟರ್ ಹತ್ತಿ ಹನ್ನೊಂದು ಗಂಟೆಗೆ ದಡಕ್ಕೆ ಬಂದೆ. ತುಂಬಿ ತುಳುಕುವ ನೀರು. ಪೂರ್ತಿ ಭರತ. ಒಬ್ಬ ನರಪಿಳ್ಳೆ ಇಲ್ಲ! ಸುಮ್ನೆ ದೋಣಿ ಹತ್ತಿ ಆಚೆ ದಡದ ತದಡಿಗೆ ಹೋಗಿ, ಬಿಸಿಲಲ್ಲಿ ಬೆಂದು, ವಾಪಸ್ ಬಂದೆ. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಹೋಗುವವರು ಮೀನುಗಾರರನ್ನೇ ಕೇಳಿ, ಇಲ್ಲವೇ ಭರತ-ಇಳಿತದ ಪಟ್ಟಿ ನೋಡಿ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಇಳಿಯುತ್ತದೆ. ಬರಿಗಾಲಲ್ಲಿ ಇಳಿಯಬೇಡಿ. ಬಂಡೆಗೆ ಅಂಟಿದ ಸಿಂಪಿ ಬ್ಲೇಡಿನ ಹಾಗೆ ಕೊಯ್ಯುತ್ತದೆ. ಹಳೆಯ ಕ್ಯಾನ್ವಾಸ್ ಶೂ ಸಾಕು.

ನಾಲ್ಕರ ಹೊತ್ತಿಗೆ ನೀರು ಸಾಕಷ್ಟು ಸರಿದಿತ್ತು. ಬೆಳಿಗ್ಗೆ ದೋಣಿ ಹೋಗಿದ್ದ ಜಾಗದ ಪಕ್ಕದಲ್ಲೇ ಮರಳ ದಿಬ್ಬ ಎದ್ದಿತು. ಎಲ್ಲಿದ್ದರೋ ಏನೋ, ಜನ ಬಂದೇ ಬಂದರು. ಹೆಂಗಸರೇ ಜಾಸ್ತಿ. ಕೆಲವರು ಸೊಂಟದವರೆಗಿನ ನೀರಿಗೆ ಇಳಿದರು, ಪಕ್ಕದಲ್ಲಿ ಹಗ್ಗ ಕಟ್ಟಿದ ಅಲ್ಯೂಮಿನಿಯಂ ಪಾತ್ರೆ ತೇಲುತ್ತಿತ್ತು. ಕೆಲವರು ಮರಳಲ್ಲೇ ಕುಕ್ಕರುಗಾಲಲ್ಲಿ ಕೂತರು. ನಾನು ಬಗ್ಗಿ ಬಗ್ಗಿ ಹುಡುಕುತ್ತಿದ್ದುದನ್ನು ನೋಡಿ ಒಬ್ಬ ಅಮ್ಮ ನಕ್ಕರು.

"ಕಣ್ಣಲ್ಲಿ ಎಂತ ನೋಡ್ತೆ ತಮ್ಮಾ? ಕಾಲಲ್ಲಿ ನೋಡು."

ಅವರ ಪಾದ ಮರಳೊಳಗೆ ಅತ್ತಿತ್ತ ಆಡುತ್ತಲೇ ಇತ್ತು. ಹೆಬ್ಬೆರಳಿಗೆ ಗಟ್ಟಿ ಏನಾದರೂ ತಾಗಿದ ತಕ್ಷಣ ಕೈ ಕೆಳಗೆ ಹೋಗುತ್ತದೆ, ಬಳಚು ಮೇಲೆ ಬರುತ್ತದೆ. ನೀರು ಬಸಿದ ಮರಳಲ್ಲಾದರೆ ಗುರುತು ಸಿಗುತ್ತದೆ: ಎರಡು ಸಣ್ಣ ತೂತು, ಅಕ್ಕಪಕ್ಕ. ಬಳಚು ಉಸಿರಾಡುವುದೂ ತಿನ್ನುವುದೂ ಅದರಲ್ಲೇ. ಅಮ್ಮ ಒಂದನ್ನು ನನ್ನ ಅಂಗೈಗೆ ಹಾಕಿದರು. ಹಳದಿ ಚಿಪ್ಪು, ಮೇಲೆ ಕಂದು ಗೀರು, ಬಿಸಿಲು ತಾಗಿದ್ದೇ ಬಿಗಿಯಾಗಿ ಮುಚ್ಚಿಕೊಂಡಿತು. ಉಗುರು ಗಾತ್ರದ್ದು ಸಿಕ್ಕಿದರೆ ವಾಪಸ್ ಎಸೆಯುತ್ತಿದ್ದರು.

"ಎಲ್ರೂ ಹಿಂಗೇ ಎಸೀತಾರಾ ಅಮ್ಮಾ?"

"ಎಲ್ಲಿ ಎಸೀತ್ರು? ಮರಿ, ತಾಯಿ ಎಲ್ಲಾ ಬಾಚ್ಕಂಡು ಹೋಪವ್ರೂ ಇದ್ರು. ನಾ ಹುಡುಗಿ ಇದ್ದಾಗ ಒಂದು ತಾಸಿಗೆ ಪಾತ್ರೆ ತುಂಬ್ತಿತ್ತು. ಈಗ ನೋಡು."

ಪಾತ್ರೆ ಕಾಲುಭಾಗವೂ ತುಂಬಿರಲಿಲ್ಲ.

ಹೊನ್ನಾವರದವರ ಮಾತು ಹೇಳಿದೆ. ಇಲ್ಲೂ ಮಳೆಗಾಲದಲ್ಲಿ ಹೊಳೆ ಸಿಹಿಯಾಗುತ್ತದಲ್ಲ, ಆಗ ಬಳಚು ಸಾಯುವುದಿಲ್ಲವೇ ಎಂದು ಕೇಳಿದೆ. "ನಾಕು ತಿಂಗ್ಳು ತಡ್ಕಂತದೆ. ಮತ್ತೆ ಉಪ್ಪು ಬತ್ತದೆ. ವರ್ಷಪೂರ್ತಿ ಸಿಹಿಯೇ ಆದ್ರೆ ಅದಾದ್ರೂ ಎಂತ ಮಾಡೂದು?" ಅಂದರು, ಇಷ್ಟೂ ತಿಳಿಯದವನೇ ಎನ್ನುವ ದನಿಯಲ್ಲಿ.

ಅಘನಾಶಿನಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತನ್ನ ಪಾಡಿಗೆ ಇಲ್ಲಿಗೆ ಬರುತ್ತದೆ. ಹಿಂದೆ ವಿಜ್ಞಾನ ಸಂಸ್ಥೆಯವರು ಇಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಮೀನು ಸಿಗುತ್ತದೆ, ಎರಡು ಸಾವಿರಕ್ಕೂ ಹೆಚ್ಚು ಜನ ನೇರವಾಗಿ ಇದರಲ್ಲೇ ದುಡಿಯುತ್ತಾರೆ ಎಂದು ಲೆಕ್ಕ ಹಾಕಿದ್ದರು. ಇದೇ ತದಡಿಯಲ್ಲಿ 4000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಬರುವುದರಲ್ಲಿತ್ತು, ಜನ ಬಿಡಲಿಲ್ಲ. 2024ರ ಜನವರಿಯಲ್ಲಿ ಅಳಿವೆಯ 4801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿ ಅದು. ಅಮ್ಮನಿಗೂ ಉತ್ಸಾಹದಿಂದ ಹೇಳಿದೆ.

"ಅದ್ರಿಂದ ಬಳಚು ಜಾಸ್ತಿ ಆಗ್ತದ್ಯ?"

ನಾನು ಪಾತ್ರೆ ಹಿಡಿದುಕೊಂಡು ನಿಂತೆ.

ಮಾಣಿಕಟ್ಟಾದ ಗಜನಿಗೂ, ಅಂದರೆ ಅಳಿವೆಯ ಉಪ್ಪುನೀರು ಬರುವ ತಗ್ಗಿನ ಗದ್ದೆಗೂ, ಹೋದೆ. ಮಾರ್ಚ್ ಆದ್ದರಿಂದ ಗದ್ದೆ ತುಂಬಾ ಉಪ್ಪುನೀರು, ಮೀನು, ಸೀಗಡಿ. ಜೂನ್ ಮಳೆ ಉಪ್ಪು ತೊಳೆದ ಮೇಲೆ ಅದೇ ಗದ್ದೆಗೆ ಕಗ್ಗ ಭತ್ತದ ಬೀಜ ಬೀಳುತ್ತದೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ನೆರೆ ಬಂದರೂ, ಸ್ವಲ್ಪ ಉಪ್ಪು ಉಳಿದರೂ ಕಗ್ಗ ತಡೆಯುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ತೆಗೆಯುತ್ತಾರೆ, ನಿಂತ ಹುಲ್ಲು ಕೊಳೆತು ಮೀನಿಗೆ ಮೇವು. ದುಡ್ಡಿನಾಸೆಗೆ ಹಲವರು ವರ್ಷವಿಡೀ ಸೀಗಡಿಯನ್ನೇ ಹಾಕಿದರು, 90ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಅದನ್ನೂ ನುಂಗಿತು. ಕಗ್ಗದ ಅನ್ನ ಕೆಂಪು, ದಪ್ಪ. ಬಳಚಿನ ಸಾರಿನ ಜೊತೆ ಉಂಡೆ. ಗೋಕರ್ಣದ ಪಾಸ್ತಾವನ್ನು ಇದರ ಪಕ್ಕ ಇಡಲೂಬಾರದು.

ವಾಪಸ್ ಬಸ್ಸಿನಲ್ಲಿ ಪಕ್ಕ ಕೂತವರು ಹಿರಿಯೂರಿನ ರೈತರು. ಅಘನಾಶಿನಿಯ ನೀರನ್ನು ಅವರ ಕಡೆಯ ವೇದಾವತಿ ನದಿಗೆ ತಿರುಗಿಸುವ ಯೋಜನೆಯ ಮಾತು ಬಂತು. "ಸುಮ್ನೆ ಸಮುದ್ರಕ್ಕೆ ಹೋಗಿ ವ್ಯರ್ಥ ಆಗೋ ನೀರು ತಾನೇ ಸಾರ್" ಅಂದರು. ಅವರ ಕಷ್ಟ ಸುಳ್ಳಲ್ಲ, ಬೋರ್‌ವೆಲ್ ಕೊರೆಸಿ ಕೊರೆಸಿ ಸಾಲ ಮಾಡಿಕೊಂಡವರು. ಆದರೂ ಸುಮ್ಮನಿರಲು ಆಗಲಿಲ್ಲ, ಶರಾವತಿಯ ಕತೆ ಹೇಳಿದೆ. ಅವರು ತುಸು ಯೋಚಿಸಿ, "ಅಲ್ಲಿ ನೀರು ಜಾಸ್ತಿಯಾಗಿ ಕೆಟ್ಟಿತು, ಇಲ್ಲಿ ಕಮ್ಮಿ ಮಾಡಿದರೆ ಒಳ್ಳೇದಲ್ವಾ? ಮಳೆಗಾಲದ್ದು ಮಾತ್ರ ತಗೊಂಡ್ರಾಯ್ತು" ಅಂದರು. ಒಳ್ಳೆಯ ಪ್ರಶ್ನೆಯೇ. ಗಜನಿಯ ಉಪ್ಪು ತೊಳೆಯುವುದು ಆ ಮಳೆಗಾಲದ ನೀರು, ಮೇಲಿನಿಂದ ಮಣ್ಣು, ಕೊಳೆತ ಎಲೆ ತಂದು ಹಾಕುವುದೂ ಅದೇ, ಅದೂ ಬೇಕು, ಬೇಸಿಗೆಯ ಉಪ್ಪೂ ಬೇಕು ಎಂದೆ. ಅವರು ಪೂರ್ತಿ ಒಪ್ಪಲಿಲ್ಲ. ಒಂದ್ಸಲ ಬಂದು ನೋಡ್ತೀನಿ, ಯಾವಾಗ ಬರಲಿ ಎಂದು ಕೇಳಿದರು. ಬೇಸಿಗೆಯಲ್ಲಿ, ಅಮಾವಾಸ್ಯೆ ನೋಡಿಕೊಂಡು ಬನ್ನಿ, ಹೋಂಸ್ಟೇಯವರನ್ನು ಮಾತ್ರ ಟೈಮ್ ಕೇಳಬೇಡಿ ಎಂದೆ.